ಮಾಕವ್ವ ಒಗೆದ ಗುಂಡು ಮೋಡ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಇದ್ದದ್ದು ಒಂದೇ ಪಂಚೆ. ಯಾಕೆ ಒಂದೇ ಅಂತ ಕೇಳಬೇಡಿ, ಹಾಗೆ ಕೇಳಿದವರು ಯಾರೂ ಆ ಊರಿನಲ್ಲಿ ಉಳಿದಿಲ್ಲ. ಪಂಚೆ ಒಗೆತಕ್ಕೆ ಹೋದ ದಿನ ರಾಜ ಕಂಬಳಿ ಸುತ್ತಿಕೊಂಡು ಒಳಗೆ ಕೂತಿರುತ್ತಿದ್ದ. ಅವತ್ತು ರಾಜ್ಯಕ್ಕೆ ರಜೆ.

ಒಗೆಯುವವಳು ಮಡಿವಾಳರ ಮಾಕವ್ವ. ಒಂದು ಸಲ ಅವಳು ಪಂಚೆ ಒಗೆದು ಹರವಿದಳೋ ಇಲ್ಲವೋ, ಕೆರೆಯ ಮೇಲೆ ಒಂದು ಗುಂಡು ಮೋಡ ಬಂದು ನಿಂತಿತು. ನಿಂತದ್ದು ನಿಂತೇ ಇತ್ತು. ಬಿಸಿಲಿಲ್ಲ, ಪಂಚೆ ಒಣಗಲಿಲ್ಲ. ಕಂಬಳಿ ಚುಚ್ಚಿ ಚುಚ್ಚಿ ರಾಜನಿಗೆ ತಲೆ ಕೆಟ್ಟಿತು. ಪಂಚೆ ಒಣಗದಿದ್ದರೆ ಮಾಕವ್ವನ ಒಗೆಯುವ ಕಲ್ಲನ್ನು ಬೇರೆಯವರಿಗೆ ಕೊಡಿಸುತ್ತೇನೆ ಅಂದ. ಅದು ಅವಳ ಅತ್ತೆ ಒಗೆದ ಕಲ್ಲು, ಅತ್ತೆಯ ಅತ್ತೆ ಒಗೆದ ಕಲ್ಲು. ಮಾಕವ್ವ ಬಿಡಲಿಲ್ಲ. ಹಾಗಾದರೆ ಆ ಮೋಡ ಓಡಿಸಿಕೊಡಿ ಅಂತ ಹೇಳಿಕಳಿಸಿದಳು.

ರಾಜ ಒಪ್ಪಲಿಲ್ಲ. ಅರ್ಥ ಗೊತ್ತಿಲ್ಲದ್ದನ್ನು ಓಡಿಸುವುದು ಆ ವಂಶದ ಪದ್ಧತಿಯಲ್ಲ. ಮೊದಲು ಅದರ ಅರ್ಥ ತಿಳಿಯಲಿ ಅಂದ.

ಅಡುಗೆಯ ಅಚ್ಚಣ್ಣ ಬಂದು ನೋಡಿದ. ಗುಂಡಗಿದೆ, ನಡುವೆ ಉಬ್ಬಿದೆ, ಹೋಳಿಗೆಯೇ ಸರಿ ಅಂದ. ಕೆಳಗೆ ಎಲೆ ಹಾಕಿ, ತುಪ್ಪ ಬಡಿಸಿಕೊಂಡು ಕೂತ. ಹೋಳಿಗೆ ಬೀಳಲಿಲ್ಲ, ತುಪ್ಪ ಮಾತ್ರ ಖರ್ಚಾಯಿತು.

ಲೆಕ್ಕದ ಮೇಷ್ಟರು ಬಂದು ನೋಡಿದರು. ಗುಂಡಗಿದೆ, ಸೊನ್ನೆಯೇ ಸರಿ ಅಂದರು. ರಾಜರು ಒಂದು, ಒಂದರ ಬಲಕ್ಕೆ ಸೊನ್ನೆ ಬಂದರೆ ಹತ್ತು ರಾಜರಾಗುತ್ತಾರೆ. ರಾಜ ಯೋಚಿಸಿದ. ಹತ್ತು ರಾಜರು, ಒಂದು ಪಂಚೆ. ಎಡಕ್ಕೆ ತಳ್ಳಿ, ಎಡದ ಸೊನ್ನೆಗೆ ಬೆಲೆಯಿಲ್ಲ ಅಂದ. ಸಿಪಾಯಿಗಳು ಗಳ ಹಿಡಿದು ಬಂದರು. ಅವರು ಕಿಟಕಿಯಲ್ಲಿ ಕೂತ ರಾಜನಿಗೆ ಎದುರಾಗಿ ನಿಂತಿದ್ದರಿಂದ ಅವರ ಎಡ ರಾಜನ ಬಲವಾಗಿತ್ತು. ಯಾರ ಎಡ ಎಡ ಅಂತ ಜಗಳ ಹತ್ತಿತು. ಮೋಡ ಅಲ್ಲೇ ಇತ್ತು.

ಕೊನೆಗೆ ಮಾಕವ್ವನೇ ತಲೆಯೆತ್ತಿ ನೋಡಿದಳು. ಯಾರ ಮನೆ ಬಟ್ಟೆ ಯಾವುದು ಅಂತ ತಿಳಿಯಲು ಅವಳು ಬಟ್ಟೆಯ ಮೂಲೆಗೆ ಒಗೆದರೂ ಹೋಗದ ಗೇರುಕಾಯಿ ಮಸಿಯಲ್ಲಿ ಗುರುತು ಹಾಕುತ್ತಿದ್ದಳು. ಗೌಡರಿಗೆ ಅಡ್ಡಗೀಟು, ಶಾನುಭೋಗರಿಗೆ ಚುಕ್ಕಿ, ಅರಮನೆಗೆ ಗುಂಡು. ಇದು ಗುಂಡಗಿದೆ. ಕೊಳೆಯೂ ಆಗಿದೆ. ಅರಮನೆಯ ಬಟ್ಟೆಯೇ ಸರಿ. ಅವಳೇನು ಉಳಿದವರಿಗಿಂತ ಬುದ್ಧಿವಂತಳಲ್ಲ.

"ನೀನು ಅರಮನೆಯದೇನಪ್ಪಾ?" ಅಂದಳು.

"ಅಡುಗೆಯವನಿಗೆ ಹೋಳಿಗೆ, ಮೇಷ್ಟರಿಗೆ ಸೊನ್ನೆ. ನಿನಗೆ ಬಟ್ಟೆಯಾದರೆ ಬಟ್ಟೆಯೇ ಆಗಲಿ ಕಣವ್ವ," ಅಂತು ಮೋಡ. "ನಿಂತು ನಿಂತು ಕಾಲು ನೋಯ್ತಿದೆ."

ಮಾಕವ್ವ ಬಟ್ಟೆ ಹೊರುವ ಕತ್ತೆ ಹತ್ತಿ ಅದನ್ನು ಕೆಳಗೆಳೆದಳು. ಕೊಳೆ ಬಿಡಿಸುವ ಚೌಳುಮಣ್ಣಿನಲ್ಲಿ ನೆನೆಸಿದಳು, ಕಲ್ಲಿಗೆ ಬಡಿದಳು, ಹಿಂಡಿದಳು. ಹಿಂಡಿದ ನೀರಿಗೆ ಕೆರೆ ಕೋಡಿ ಬಿತ್ತು. ಬಿಸಿಲು ಬಂತು. ಪಂಚೆ, ಮೋಡ ಎರಡೂ ಒಣಗಿದವು. ಎರಡನ್ನೂ ಮಡಚಿ ಅರಮನೆಗೆ ಮುಟ್ಟಿಸಿದಳು.

ರಾಜ ಕೈಗೆ ಸಿಕ್ಕಿದ್ದನ್ನು ಉಟ್ಟ. ಸಿಕ್ಕಿದ್ದು ಮೋಡ. ಇಷ್ಟು ಹಗುರವಾಗಿ ಇವಳು ಯಾವತ್ತೂ ಒಗೆದಿರಲಿಲ್ಲ ಅಂತ ಹೊಗಳುತ್ತಾ ಅಂಗಳಕ್ಕೆ ಬಂದ. ಬಂದವನು ಮೇಲಕ್ಕೆ ಹೋದ. ಅರಮನೆಯ ಕಲಶ ದಾಟಿದ ಮೇಲೆ ಅವನಿಗೆ ಭಯವಾಯಿತು.

"ಕಲ್ಲು ನಿನ್ನದೇ ಮಾಕವ್ವ, ನಿನ್ನ ಮೊಮ್ಮಕ್ಕಳದ್ದೂ ಆಗಲಿ. ನನ್ನನ್ನು ಇಳಿಸು," ಅಂದ.

ಅಂಗಳದಲ್ಲಿದ್ದ ಮಾಕವ್ವ ಕೈ ಮುಗಿದಳು. "ಒಗೆಯೋದು ನನ್ನ ಕೆಲಸ ಬುದ್ಧಿ, ಇಳಿಸೋದಲ್ಲ. ಉಟ್ಟುಕೊಂಡಿರಿ. ಕೊಳೆಯಾದಾಗ ಅದು ತಾನಾಗಿಯೇ ನನ್ನ ಕಲ್ಲಿಗೆ ಬರುತ್ತೆ."

ನೀತಿ ಬೇಕೇ ಬೇಕು ಅನ್ನುವವರಿಗೆ: ಉಡುವ ಮುಂಚೆ ಅಂಚು ನೋಡಿ. ಕತೆ ಮೇಲಕ್ಕೆ ಹೋಯಿತು, ನಾವು ಊಟಕ್ಕೆ ಹೋಗೋಣ.