ಬೆನ್ನ ಮರೆ

ಲೆಸೊಥೊ ಆಫ್ರಿಕದ ಹಿಡಿಯಷ್ಟು ದೇಶ, ಅದರಲ್ಲೂ ಮುಕ್ಕಾಲುಪಾಲು ಗುಡ್ಡವೇ. ಆ ವರ್ಷ ಅಲ್ಲಿಂದ ವಿಶ್ವ ಕ್ರೀಡಾಕೂಟಕ್ಕೆ ಅರ್ಹತೆ ಪಡೆದವರು ಮೂವರೇ. ರೇಡಿಯೊದವನು ಒಂದೇ ಉಸಿರಿನಲ್ಲಿ ಮೂರು ಹೆಸರನ್ನೂ ಓದಿ ಮುಗಿಸಿದ. ಕೊನೆಯದು ಮ್ಯಾರಥಾನ್ ಓಟಗಾರ ಮೊಲೆಫಿಯದು.

ಊರೆಲ್ಲ ಕುಣಿಯಿತು. ಮೊಲೆಫಿ ಮಾತ್ರ ಒಂಬತ್ತು ದಿನ ಗುರುವಿನ ಕಣ್ಣಿಗೆ ಬೀಳದೆ ತಪ್ಪಿಸಿಕೊಂಡು ತಿರುಗಿದ. ಹತ್ತನೆಯ ದಿನ ತಡೆಯಲಾಗಲಿಲ್ಲ. ಹೊಳೆದಂಡೆಗೆ ಬಂದ.

ಅವನಿಗೂ ಅವನ ಜೊತೆಗಾರ ಟೆಬೊಹೊಗೂ ಓಟ ಕಲಿಸಿದ ಮುದಿ ಗುರು ಸೆಲ್ಲೊ, ಕಂಬಳಿ ಹೊದ್ದು ಕಲ್ಲಿನ ಮೇಲೆ ಕೂತಿದ್ದರು.

"ನ್ತಾತೆ," ಎಂದ ಮೊಲೆಫಿ. ಅಲ್ಲಿ ಅಪ್ಪನನ್ನೂ ಹಿರಿಯರನ್ನೂ ಹಾಗೇ ಕರೆಯುವುದು. "ನಾನು ಆಯ್ಕೆಯಾದೆ."

"ಕೇಳಿದೆ. ಟೆಬೊಹೊ?"

"ಹನ್ನೊಂದು ಸೆಕೆಂಡಿನಲ್ಲಿ ತಪ್ಪಿತು. ಅದೇ ಕೊನೇ ಅರ್ಹತಾ ಓಟ."

"ಕಾಲು ನೋವಿತ್ತೇ?"

"ಇಲ್ಲ. ಎದುರು ಗಾಳಿ."

"ಗಾಳಿ ಬಂದರೆ ಏನು ಮಾಡಬೇಕು ಅಂತ ಕಲಿಸಿದ್ದೆನಲ್ಲ."

ಕಲಿಸಿದ್ದರು. ಒಬ್ಬ ಮುಂದೆ ಓಡಿ ಗಾಳಿಗೆ ಎದೆ ಕೊಡಬೇಕು, ಇನ್ನೊಬ್ಬ ಅವನ ಬೆನ್ನ ಮರೆಯಲ್ಲಿ ದಣಿವು ಕಳೆದುಕೊಳ್ಳಬೇಕು. ಕಿಲೋಮೀಟರಿಗೊಮ್ಮೆ ಸರದಿ ಬದಲು. ಹನ್ನೆರಡು ವರ್ಷ ಅವರಿಬ್ಬರೂ ಹಾಗೇ ಓಡಿದ್ದರು.

"ಕೊನೇ ನಾಲ್ಕು ಕಿಲೋಮೀಟರ್ ಅವನೇ ಮುಂದಿದ್ದ," ಎಂದ ಮೊಲೆಫಿ. "ಎರಡು ಸಲ ನನ್ನ ಸರದಿ ಬಂತು. ನಾನು ಹೋಗಲಿಲ್ಲ."

"ಅವನು ಕರೆಯಲಿಲ್ಲವೇ?"

"ಒಂದು ಸಲ ತಿರುಗಿ ನೋಡಿದ. ನಾನು ತಲೆ ತಗ್ಗಿಸಿದೆ. ಅವನ ಕಾಲು ಸೋತ ಮೇಲೆ ಪಕ್ಕದಿಂದ ನುಗ್ಗಿ ಮುಂದೆ ಹೋದೆ."

ಗುರು ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಅನ್ನಿಸಿತು ಮೊಲೆಫಿಗೆ.

"ಆಮೇಲೆ ಏನಂದ?"

"ಗಾಳಿ ಜೋರಿತ್ತು ಅಂತ ಎಲ್ಲರಿಗೂ ಹೇಳಿದ. ನನ್ನನ್ನ ತಬ್ಬಿಕೊಂಡ ಕೂಡ. ಅವತ್ತಿನಿಂದ ಓಡೋದಕ್ಕೆ ಬಂದಿಲ್ಲ. ನನ್ನ ಜಾಗ ಅವನಿಗೆ ಕೊಡಿ ಅಂತ ಆಯ್ಕೆ ಮಾಡೋರನ್ನ ಕೇಳಿದೆ ನ್ತಾತೆ, ಹಾಗೆಲ್ಲ ಆಗೋದಿಲ್ಲವಂತೆ. ನಾನೇನು ಮಾಡಲಿ?"

ಗುರು ಕೋಲೂರಿ ಎದ್ದರು.

"ನಡಿ ಮಗಾ, ಅವನ ಮನೆಗೆ ಹೋಗೋಣ."

ಟೆಬೊಹೊನ ಮನೆ ದಿಬ್ಬದ ಮೇಲೆ. ಗಾಳಿ ಮುಖಕ್ಕೇ ಬೀಸುತ್ತಿತ್ತು. ಗುರು ಬಗ್ಗಿಕೊಂಡು ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಮುಂದೆ ನಡೆದರು. ಮೊಲೆಫಿ ಅವರ ಬೆನ್ನಿಗೇ ಅಂಟಿಕೊಂಡು ಹತ್ತಿದ. ಅಲ್ಲಿ ಬೆಚ್ಚಗಿತ್ತು.

ಅರ್ಧ ದಾರಿ ಹತ್ತುವಾಗ ಮೇಲಿನ ಅಂಗಳದಲ್ಲಿ ಟೆಬೊಹೊ ಕಂಡ. ಕುರಿಯೊಂದನ್ನು ಮಂಡಿಗಳ ನಡುವೆ ಹಿಡಿದು ಉಣ್ಣೆ ಕತ್ತರಿಸುತ್ತಿದ್ದ. ಇವರನ್ನು ಇನ್ನೂ ನೋಡಿರಲಿಲ್ಲ.

ಗುರು ನಿಂತರು. ಏದುಸಿರು ಬಿಡುತ್ತ ಒಂದು ಸಲ ತಿರುಗಿ ನೋಡಿದರು.

"ಈಗ ಯಾರ ಸರದಿ, ಮಗಾ?"