ಹುಳು ತಿಂದ ಸಾಲು

ಅನುಭಾವಿ ನೀಲಗಂಗವ್ವನ ಪುಸ್ತಕದಲ್ಲಿ ಒಂದು ಹುಳು ವಾಸವಾಗಿತ್ತು. ನಾಲ್ಕು ತಿಂಗಳಲ್ಲಿ ನೂರು ಪುಟ ತಿಂದಿದ್ದರೂ ಅದಕ್ಕೆ ಸಮಾಧಾನವಿರಲಿಲ್ಲ. ಒಂದು ಪುಟದಲ್ಲಿ ಬಾಯಿಟ್ಟರೆ ಇನ್ನೊಂದರ ಚಿಂತೆ.

"ನಿನ್ನ ಒಡತಿ ನೀಲಗಂಗವ್ವ ಹನ್ನೆರಡು ವರ್ಷದಿಂದ ಒಂದೇ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದಾಳಂತಲ್ಲ, ಓದಲು ಬರುವುದಿಲ್ಲವೇನು?" ಎಂದು ಅದು ಪುಸ್ತಕದ ಮೇಲಿದ್ದ ಕನ್ನಡಕವನ್ನು ಕೇಳಿತು.

"ಬರುತ್ತದೆ ತಮ್ಮಾ. ಆ ಸಾಲು ಆಕೆಗೆ ಇನ್ನೂ ಮುಗಿದಿಲ್ಲ."

"ಹಾಗಾದರೆ ನಾನೇ ಮುಗಿಸುತ್ತೇನೆ" ಎಂದು ಹುಳು ಆ ಸಾಲನ್ನು ಕೊನೆಯ ಅಕ್ಷರದವರೆಗೂ ತಿಂದಿತು. ಆದರೂ ಹೊಟ್ಟೆ ತುಂಬಲಿಲ್ಲ. ಇನ್ನೂ ಅಂಚನ್ನು ಕೆರೆಯುತ್ತಿರುವಾಗಲೇ ಪುಸ್ತಕ ತೆರೆದುಕೊಂಡಿತು.

ನೀಲಗಂಗವ್ವ ಕನ್ನಡಕ ಏರಿಸಿಕೊಂಡಳು. ಸಾಲಿದ್ದಲ್ಲಿ ತೂತು, ತೂತಿನ ಅಂಚಿನಲ್ಲಿ ಹುಳು. ಅವಳ ಹೆಬ್ಬೆರಳು ನೇರ ಅದರ ತಲೆಯ ಮೇಲೆ ಬಂದು ನಿಂತಿತು. ಓಡಲು ದಾರಿಯಿರಲಿಲ್ಲ.

"ಹಸಿದು ಬಂದ ಜೀವವನ್ನು ನೂಕಬೇಡ" ಎಂದು ಅವಳು ಆ ತೂತನ್ನು ನೋಡುತ್ತಲೇ ಓದಿದಳು. ಬೆರಳು ಹಿಂದೆ ಸರಿಯಿತು. ಹುಳುವನ್ನು ಮೆಲ್ಲಗೆ ಹಳೆಯ ಪಂಚಾಂಗದ ಮೇಲೆ ಬಿಟ್ಟು, "ತಗೋ, ಇದನ್ನು ತಿನ್ನು. ಹೋದ ವರ್ಷದ್ದು" ಎಂದಳು.

ಹುಳು ಬಹಳ ಹೊತ್ತು ಬಾಯಿ ಹಾಕಲಿಲ್ಲ. ತಾನು ತಿಂದ ಸಾಲು ಯಾವುದೆಂದು ಅದಕ್ಕೆ ಆಗಷ್ಟೇ ಗೊತ್ತಾಗಿತ್ತು.