ಯಾರೂ ಕೂರದ ಕುರ್ಚಿ

ಒಂದಾನೊಂದು ಕಾಲದಲ್ಲಿ, ನಿನ್ನ ಮುತ್ತಜ್ಜನಿಗೆ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಒಂದೂರಲ್ಲಿ ಒಂದು ಪುಟ್ಟ ಚರ್ಚು ಇತ್ತಂತೆ. ಎಲ್ಲರೂ ಚಾಪೆ ಮೇಲೆ ಕೂತು ಆರಾಧನೆ ಮಾಡೋರಂತೆ. ಆ ಚರ್ಚಿನ ಸಭೆಯ ಮುದಿ ಬಡಗಿ ಸಾಯೋ ಮುಂಚೆ ಒಂದು ಕುರ್ಚಿ ಮಾಡಿ ಬಾಗಿಲ ಪಕ್ಕ ಇಟ್ಟು, ಇದು ಹೊರಗಿಂದ ದಣಿದು ಬಂದೋರಿಗೆ ಅಂತ ಹೇಳಿ ಕಣ್ಮುಚ್ಚಿದನಂತೆ.

ಆಮೇಲೆ ಕುರ್ಚಿ ನೋಡ್ಕೊಳ್ಳೋ ಕೆಲಸ ಸಲೋಮಮ್ಮ ಅನ್ನೋಳಿಗೆ ಬಂತಂತೆ. ಮಹಾ ಅಚ್ಚುಕಟ್ಟಿನ ಹೆಂಗಸು. ದಿನಾ ಒರೆಸಿ, ಎಣ್ಣೆ ಹಚ್ಚಿ, ಬಿಳೀ ಕಸೂತಿ ಬಟ್ಟೆ ಹೊದಿಸೋಳಂತೆ. ಪಕ್ಕದೂರಿನೋರು ನೋಡಿ, ಅಬ್ಬಾ, ಇವರಿಗೆ ಹೊರಗಿನೋರ ಮೇಲೆ ಎಷ್ಟು ಪ್ರೀತಿ ಅಂತಿದ್ರಂತೆ. ಆದ್ರೆ ಅದರ ಮೇಲೆ ನೊಣ ಕೂರೋಕೂ ಸಲೋಮಮ್ಮ ಬಿಡ್ತಿರಲಿಲ್ಲ. ನಗಬೇಡ ಪುಟ್ಟೀ, ಮುಂದೆ ಕೇಳು.

ಒಂದು ಭಾನುವಾರ ಕಂಬಳಿ ಮಾರೋ ಮುದುಕ ಬಂದನಂತೆ, ಸಲೋಮಮ್ಮ, ನಿನ್ನ ಮೈಯೆಲ್ಲ ಧೂಳು, ಕುರ್ಚಿ ಬೇಡಪ್ಪ ಅಂದ್ಲಂತೆ. ಆಮೇಲಿನ ಭಾನುವಾರ ಮಳೇಲಿ ನೆನೆದ ಬಳೆಗಾರ ಬಂದನಂತೆ, ಬಟ್ಟೆ ಕರೆಯಾಗುತ್ತೆ ಅಂದ್ಲಂತೆ. ಮೂರನೇ ಭಾನುವಾರ ಎಲ್ಲೋ ಇಟ್ಟಿಗೆ ಗೂಡಲ್ಲಿ ಕೆಲಸ ಮಾಡೋ ಒಬ್ಬ ತುಂಬು ಬಸುರಿ ಬಂದು, ಇಲ್ಲಿ ಕೂರಲಾ ಅವ್ವಾ ಅಂತ ಮೆಲ್ಲಗೆ ಕೇಳಿದಳಂತೆ. ಸಲೋಮಮ್ಮ ಕುರ್ಚಿ ಮೇಲಿನ ಬಟ್ಟೆಯ ಸುಕ್ಕು ತೀಡಿದಳಂತೆ. ಆ ಬಸುರಿಗೆ ಅರ್ಥ ಆಯ್ತು. ಗೋಡೆಗಾದ್ರೂ ಒರಗಿ ಕೂರೋಣ ಅಂದ್ರೆ ಚಾಪೆಯೋರು ಯಾರೂ ಸರೀಲಿಲ್ಲ, ಎಲ್ಲರೂ ಭಕ್ತಿಯಿಂದ ಕಣ್ಮುಚ್ಚಿದ್ರು! ಪಾಪ, ಕೊನೇತನಕ ನಿಂತೇ ಇದ್ದು, ಹೇಳದೆ ಹೊರಟುಹೋದಳಂತೆ.

ಆಮೇಲೆ ಸಲೋಮಮ್ಮ ಕುರ್ಚಿ ಒರೆಸೋಕೆ ಬಂದ್ರೆ, ಸುಣ್ಣದ ಗೋಡೆ ಮೇಲೆ ಬೆವರಿನ ಅಂಗೈ ಗುರುತು ಕಾಣಿಸ್ತಂತೆ. ಆ ಬಸುರಿ ಬೀಳದ ಹಾಗೆ ಊರಿಕೊಂಡು ನಿಂತಿದ್ದ ಕೈ. ಅದನ್ನ ನೋಡಿದ್ದೇ ತಡ, ಸಲೋಮಮ್ಮನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾಯ್ತಂತೆ. ತಾನೂ ಮೂರು ಹೆತ್ತೋಳಲ್ವಾ?

ಊರೋರು ಬಂದು, ಅಳಬೇಡ, ಯೇಸುವಿನ ತಾಯಿ ಮರಿಯಮ್ಮನೇ ನಮ್ಮನ್ನ ಪರೀಕ್ಷೆ ಮಾಡೋಕೆ ಬಂದಿರಬೇಕು ಅಂದ್ರಂತೆ. ಮರಿಯಮ್ಮ ತಮ್ಮ ಚರ್ಚಿಗೇ ಬಂದಳು ಅಂತ ಅವರಿಗೆ ಒಳಗೊಳಗೇ ಖುಷಿ ಬೇರೆ. ಸಲೋಮಮ್ಮ ಮಾತ್ರ, ಅಲ್ಲ, ಅವಳ ಹಿಮ್ಮಡಿ ಬಿರುಕಲ್ಲಿ ಇಟ್ಟಿಗೆ ಮಣ್ಣಿತ್ತು, ನಾನು ನೋಡಿದೀನಿ ಅಂದ್ಲಂತೆ. ಮೂರು ದಿನ ಉಪವಾಸ ಮಾಡಿ ಪ್ರಾರ್ಥಿಸಿದ್ರೂ ಮನಸ್ಸು ಹಗುರಾಗಲಿಲ್ಲವಂತೆ. ಆಗ ಸಭೆಯ ಅಯ್ಯನೋರು, ದೇವರು ಮೊದಲನೇ ದಿನವೇ ಕ್ಷಮಿಸಿದ್ದಾನೆ ಕಣಮ್ಮ, ಆದ್ರೆ ನೀನು ನಿಲ್ಲಿಸಿದ್ದು ದೇವರನ್ನಲ್ಲ, ಅವಳನ್ನ ಅಂದ್ರಂತೆ.

ಸರಿ, ಸಲೋಮಮ್ಮ ಕುರ್ಚಿ ತಲೆ ಮೇಲೆ ಹೊತ್ತು ಅವಳನ್ನ ಹುಡುಕ್ಕೊಂಡು ಹೊರಟಳಂತೆ. ಒಂದೂರಲ್ಲಿ ಕೇಳಿದ್ಲು, ಗೊತ್ತಿಲ್ಲ ಅಂದ್ರು. ಇನ್ನೊಂದೂರಲ್ಲಿ ನೀರು ಕೇಳಿದ್ಲು, ಬಾಗಿಲು ಹಾಕ್ಕೊಂಡ್ರು. ಸುಡುಬಿಸಿಲು, ಕಾಲಲ್ಲಿ ಬೊಬ್ಬೆ, ತಲೆ ಮೇಲೆ ಕುರ್ಚಿ ಇದ್ರೂ ಕೂರೋಕೆ ಮನಸ್ಸು ಬರಲಿಲ್ಲವಂತೆ. ಮೂರನೇ ಊರಿನ ಇಟ್ಟಿಗೆ ಗೂಡಿನ ಹತ್ರ, ಗುಡಿಸಲ ಮುಂದೆ ಹಸುಗೂಸು ಎತ್ಕೊಂಡು ಅವಳೇ ನಿಂತಿದ್ಲಂತೆ!

ಸಲೋಮಮ್ಮ ಕುರ್ಚಿ ಇಳಿಸಿ, ಕೂತ್ಕೊ ತಾಯಿ ಅನ್ನೋಕೆ ಬಾಯಿ ತೆಗೆಯೋದ್ರೊಳಗೆ ಅವಳು, ಅಯ್ಯೋ ಅವ್ವಾ, ಇಷ್ಟು ದೂರ ನಡೆದು ಬಂದ್ಯಾ, ಮೊದಲು ನೀನು ಕೂತ್ಕೊ ಅಂತ ಕೈ ಹಿಡಿದು ಅದೇ ಕುರ್ಚಿ ಮೇಲೆ ಕೂರಿಸಿದಳಂತೆ. ಕುಡಿಯೋಕೆ ನೀರು ಕೊಟ್ಟಳಂತೆ. ಸಲೋಮಮ್ಮ ನೀರು ಪಕ್ಕಕ್ಕಿಟ್ಟು, ತಪ್ಪಾಯ್ತು ಕಣವ್ವ ಅಂತ ಬಿಕ್ಕಿ ಬಿಕ್ಕಿ ಅತ್ತಳಂತೆ. ಕೂಸಿನ ತಾಯಿ, ಅವತ್ತು ಕಾಲು ಬಹಳ ನೋಯ್ತು ಕಣವ್ವ, ಸುಳ್ಳು ಹೇಳಲ್ಲ, ಆದ್ರೆ ನಿಮ್ಮ ಚರ್ಚಿನ ಹಾಡು ಚೆನ್ನಾಗಿತ್ತು, ಇನ್ನೊಂದು ಸಲ ಕೇಳಬೇಕು ಅಂದ್ಲಂತೆ.

ಆಮೇಲಿನ ಭಾನುವಾರ ಅವಳು ಕೂಸಿನ ಜೊತೆ ಆ ಕುರ್ಚಿ ಮೇಲೆ ಕೂತು ಹಾಡು ಕೇಳಿದಳಂತೆ. ಕೂಸು ಕುರ್ಚಿ ಮೇಲೇ ಉಚ್ಚೆ ಹೊಯ್ದರೂ ಸಲೋಮಮ್ಮ ಒರೆಸೋಕೆ ಏಳಲಿಲ್ಲವಂತೆ. ಎಲ್ಲರೂ ಚೆನ್ನಾಗಿದ್ರಂತೆ. ಆದ್ರೆ ಗೋಡೆ ಮೇಲಿನ ಆ ಅಂಗೈ ಗುರುತಿಗೆ ಮಾತ್ರ ಸಲೋಮಮ್ಮ ಸಾಯೋತನಕ ಸುಣ್ಣ ಬಳಿಯೋಕೆ ಬಿಡಲಿಲ್ಲವಂತೆ.

ಅಲ್ಲಿಗೆ ಕತೆ ಮುಗೀತು. ಎಲ್ಲಿ, ಹಾಸಿಗೆ ತುಂಬ ಕಾಲು ಚಾಚಿದೀಯಲ್ಲ, ಒಂಚೂರು ಸರಿ. ನಿನ್ನ ಅಜ್ಜಿಗೂ ಜಾಗ ಬೇಡವಾ?